ಮಾತು ಕೇಳುವ ಫ್ಯಾನು, ಮಾತೇ ಬೇಡದ ಥರ್ಮೋಸ್ಟಾಟ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಚಳಿಗಾಲದಲ್ಲಿ ಅಲ್ಲಿನ ಜವಾನ ತರಗತಿಯಿಂದ ತರಗತಿಗೆ ಅಲೆದು, ಉಷ್ಣತಾಮಾಪಕ ನೋಡಿ, ಬಿಸಿಯನ್ನು ಹೆಚ್ಚು ಕಡಿಮೆ ಮಾಡಬೇಕಾಗಿತ್ತು. ಈ ಅಡಚಣೆ ತಪ್ಪಿಸಲು ಜಾನ್ಸನ್ 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಮೊದಲ ಸಾಧನ ಮಾಡುತ್ತಿದ್ದುದು ಇಷ್ಟೆ: ಗಂಟೆ ಬಾರಿಸಿ ಜವಾನನನ್ನು ಎಚ್ಚರಿಸುವುದು. ಮುಂದೆ ಗಂಟೆಯೂ ಬೇಡವಾಯಿತು, ಜವಾನನೂ ಬೇಡವಾದ. ಉಷ್ಣತೆಯನ್ನು ಅಳೆಯುವುದು, ಬೇಕಾದ ಮೌಲ್ಯದೊಡನೆ ಹೋಲಿಸುವುದು, ವ್ಯತ್ಯಾಸಕ್ಕೆ ತಕ್ಕಂತೆ ಒಲೆಯನ್ನು ಹೊತ್ತಿಸುವುದು ಅಥವಾ ಆರಿಸುವುದು, ಈ ಮೂರೂ ಯಂತ್ರದ ಕೆಲಸವಾದವು. ಹಿಮ್ಮಾಹಿತಿ ನಿಯಂತ್ರಣ ಎಂದು ನಾವು ಪಾಠ ಮಾಡುವುದು ಇದನ್ನೇ.

ಅಮೆಜಾನ್ ಕಂಪನಿಯ ಎಕೋ 2014ರಲ್ಲಿ ಅಮೆರಿಕದಲ್ಲೂ 2017ರಲ್ಲಿ ಭಾರತದಲ್ಲೂ ಬಂದ ಮೇಲೆ, ಫ್ಯಾನು ಮತ್ತು ಏರ್ ಕಂಡೀಷನರುಗಳನ್ನು ಮಾತಿನಿಂದ ನಡೆಸುವುದೇ ‘ಸ್ಮಾರ್ಟ್ ಮನೆ’ಯ ಗುರುತಾಗಿದೆ. ಮಾತನ್ನು ಗುರುತಿಸುವ ತಂತ್ರದ ಸಾಧನೆ ಸಣ್ಣದಲ್ಲ. 1952ರಲ್ಲಿ ಬೆಲ್ ಪ್ರಯೋಗಾಲಯದ ‘ಆಡ್ರಿ’ ಗುರುತಿಸುತ್ತಿದ್ದುದು ಅಂಕಿಗಳನ್ನು ಮಾತ್ರ. ಆದರೆ ನಿಯಂತ್ರಣದ ದೃಷ್ಟಿಯಿಂದ ನೋಡಿದರೆ, ‘ಎರಡು ಡಿಗ್ರಿ ಕಡಿಮೆ ಮಾಡು’ ಎಂದು ಪದೇ ಪದೇ ಹೇಳಬೇಕಾದ ಮನೆಯಲ್ಲಿ ಜಾನ್ಸನ್ ಬಿಡುಗಡೆ ಮಾಡಿದ ಜವಾನನ ಜಾಗಕ್ಕೆ ಮನೆಯ ಯಜಮಾನನೇ ಬಂದು ಕುಳಿತಿದ್ದಾನೆ.

ಇನ್ನೊಂದು ತೊಂದರೆ ನಮ್ಮ ತಿಳಿವಳಿಕೆಯದು. ವಿಲೆಟ್ ಕೆಂಪ್ಟನ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜನರು ಥರ್ಮೋಸ್ಟಾಟನ್ನು ಎರಡು ಬಗೆಯಲ್ಲಿ ಅರ್ಥ ಮಾಡಿಕೊಂಡಿರುತ್ತಾರೆಂದು ತೋರಿಸಿದರು. ಕೆಲವರಿಗೆ ಅದು ಗುರಿ ಮುಟ್ಟಿದಾಗ ನಿಲ್ಲುವ ಯಂತ್ರ. ಉಳಿದವರಿಗೆ ನಲ್ಲಿ, ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ಸುರಿಯುತ್ತದೆ. ‘ಹದಿನೆಂಟಕ್ಕೆ ಇಡು’ ಎಂದು ಕೂಗಿದರೆ ಕೋಣೆ ಬೇಗ ತಂಪಾಗುತ್ತದೆಂಬ ನಂಬಿಕೆ ಈ ಎರಡನೆಯ ಜಾತಿಯದು. ಸ್ಥಿರ ವೇಗದ ಕಂಪ್ರೆಸರ್ 18 ಡಿಗ್ರಿ ಸೆಲ್ಸಿಯಸ್‌ಗೂ 24 ಡಿಗ್ರಿಗೂ ಒಂದೇ ರಭಸದಲ್ಲಿ ದುಡಿಯುತ್ತದೆ. 18ಕ್ಕೆ ಇಟ್ಟರೆ ಹೆಚ್ಚು ಹೊತ್ತು ದುಡಿಯುತ್ತದೆ, ಅಷ್ಟೆ. (ಇನ್ವರ್ಟರ್ ಯಂತ್ರಗಳಲ್ಲಿ ವೇಗ ಬದಲಾಗುತ್ತದೆ, ಆದರೆ ಅದಕ್ಕೂ ಮೇಲ್ಮಿತಿ ಇದೆ.) ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆಂದು ನಮ್ಮ ಇಂಧನ ದಕ್ಷತಾ ಬ್ಯೂರೋದ ಅಂದಾಜು. ಸ್ಟಾರ್ ಗುರುತಿನ ಕೋಣೆ ಏರ್ ಕಂಡೀಷನರುಗಳು 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮ 2020ರಲ್ಲಿ ಜಾರಿಗೆ ಬಂದುದು ಅದಕ್ಕಾಗಿಯೇ. ಮಂಚದಿಂದ ಏಳದೆ ಹೇಳಿದ ಒಂದು ಮಾತು ಆ ಎಚ್ಚರಿಕೆಯನ್ನು ಕ್ಷಣದಲ್ಲಿ ತಳ್ಳಿಹಾಕಬಲ್ಲದು.

ಫ್ಯಾನಿನ ವಿಷಯ ಇನ್ನೂ ಸ್ವಾರಸ್ಯದ್ದು. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಉಷ್ಣವೇ ಆಗುತ್ತದೆ. ಅದು ತಂಪು ಮಾಡುವುದು ನಮ್ಮ ಚರ್ಮವನ್ನು, ಬೆವರನ್ನು ಬೇಗ ಆವಿಯಾಗಿಸಿ. ಹಿತವೆಂಬುದು ಗಾಳಿಯ ಉಷ್ಣತೆಯೊಂದರಿಂದಲೇ ಬರುವುದಲ್ಲ. ತೇವಾಂಶ, ಗಾಳಿಯ ವೇಗ, ಗೋಡೆ ಮತ್ತು ತಾರಸಿಯಿಂದ ಬರುವ ವಿಕಿರಣ ಎಲ್ಲವೂ ಸೇರಬೇಕು. ಏಪ್ರಿಲ್‌ನ ಬಳ್ಳಾರಿಯಲ್ಲಿ ಕಾದ ತಾರಸಿಯ ಕೆಳಗೆ ಕುಳಿತವರು ‘ಸೆಕೆ’ ಎಂದರೆ ಒಂದರ್ಥ, ಮಂಗಳೂರಿನಲ್ಲಿ ಅದೇ ಮಾತಿಗೆ ಮತ್ತೊಂದರ್ಥ. ಗೋಡೆಯ ಮೇಲಿನ ಒಂದು ಸಂವೇದಕ ಇದನ್ನು ಬಲ್ಲದೆ? ಫ್ಯಾನು ಹಾಕಿ ಏರ್ ಕಂಡೀಷನರನ್ನು 27ಕ್ಕೆ ಏರಿಸುವುದು ಎಷ್ಟೋ ಸಲ ಸರಿಯಾದ ಉತ್ತರ. ಆದರೆ ಹೇಳಿದ್ದನ್ನಷ್ಟೇ ಮಾಡುವ ಯಂತ್ರಕ್ಕೆ ಅದು ಹೊಳೆಯುವುದಿಲ್ಲ.

ಉಳಿತಾಯದ ಲೆಕ್ಕವನ್ನೂ ಹಾಕಿಬಿಡೋಣ. ಹಳೆಯ ಇಂಡಕ್ಷನ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಬ್ರಷ್ ಇಲ್ಲದ ನೇರ ಪ್ರವಾಹ ಮೋಟಾರಿನದು ಸುಮಾರು 30 ವಾಟ್. ದಿನಕ್ಕೆ ಹತ್ತು ಗಂಟೆ ಓಡಿದರೆ ಉಳಿಯುವುದು 0.45 ಯೂನಿಟ್. ಮಾತಿಗಾಗಿ ಕಾದು ಕುಳಿತಿರುವ ಸಾಧನ ಹಗಲೂ ರಾತ್ರಿ 2 ವಾಟ್ ಎಳೆಯುತ್ತದೆಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 17.5 ಯೂನಿಟ್, ಅಂದರೆ ಫ್ಯಾನಿನ 39 ದಿನಗಳ ಉಳಿತಾಯ. ಉಳಿಸಿದ್ದು ಮೋಟಾರು, ಜಾಹೀರಾತಿನಲ್ಲಿ ಕೀರ್ತಿ ಮಾತ್ರ ಮಾತಿಗೆ.

ಈ ಸಾಧನಗಳಲ್ಲಿ ಎಚ್ಚರಿಸುವ ಪದವನ್ನು ಮನೆಯಲ್ಲಿರುವ ಸಾಧನವೇ ಗುರುತಿಸಿದರೂ, ಅನಂತರದ ಮಾತು ಸಾಮಾನ್ಯವಾಗಿ ಕಂಪನಿಯ ದೂರದ ಗಣಕಗಳಿಗೆ ಹೋಗಿ ಬರುತ್ತದೆ. ಧ್ವನಿಮುದ್ರಣವನ್ನು ಕಳಿಸದಿರುವ ಆಯ್ಕೆ ಕೆಲವು ಎಕೋ ಸಾಧನಗಳಲ್ಲಿ ಇತ್ತು. 2025ರ ಮಾರ್ಚ್ 28ರಿಂದ ಅಮೆಜಾನ್ ಅದನ್ನು ತೆಗೆದುಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್ ತನ್ನ ನೆಸ್ಟ್ ಥರ್ಮೋಸ್ಟಾಟಿನ ಮೊದಲೆರಡು ಪೀಳಿಗೆಗಳಿಗೆ ಬೆಂಬಲ ನಿಲ್ಲಿಸಿತು. ಅವು ಗೋಡೆಯ ಮೇಲೆ ಈಗಲೂ ಉಷ್ಣತೆ ಕಾಯುತ್ತವೆ. ಫೋನಿನ ಮಾತು ಮಾತ್ರ ಕೇಳುವುದಿಲ್ಲ. ಜಾನ್ಸನ್ ಕಲಿಸಿದ ಭಾಗ ಉಳಿಯಿತು ಎನ್ನಬಹುದು.

ಹಾಸಿಗೆ ಹಿಡಿದವರಿಗೆ, ಕೈಕಾಲು ಆಡದವರಿಗೆ, ದೃಷ್ಟಿ ಇಲ್ಲದವರಿಗೆ ಮಾತಿನ ಸ್ವಿಚ್ಚು ದೊಡ್ಡ ವರ. ಅವರ ಮಟ್ಟಿಗೆ ನನ್ನ ಆಕ್ಷೇಪಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಅವರಿಗಾಗಿಯಾದರೂ ಇಂಟರ್ನೆಟ್ ಕಡಿದಾಗಲೂ ದುಡಿಯುವ ಸಾಧನ ಬೇಕು.

ಇಷ್ಟೆಲ್ಲ ಬರೆಯಲು ವಿಜ್ಞಾನ ಪ್ರದರ್ಶನಗಳೂ ಕಾರಣ. ತೀರ್ಪುಗಾರನಾಗಿ ಹೋದಲ್ಲೆಲ್ಲ ಮಾತು ಕೇಳುವ ಫ್ಯಾನೊಂದು ಸಿಗುತ್ತದೆ: ಆರ್ಡುಯಿನೋ, ಬ್ಲೂಟೂತ್ ಬಿಲ್ಲೆ, ರಿಲೇ, ಒಂದು ಫೋನು. ಮಾತನ್ನು ಗುರುತಿಸುವುದು ಫೋನಿನ ತಂತ್ರಾಂಶ. ವಿದ್ಯಾರ್ಥಿಯ ಮಂಡಲಕ್ಕೆ ಬರುವುದು ಬರೀ ಅಕ್ಷರಗಳ ಸಾಲು. 230 ವೋಲ್ಟ್ ತಂತಿಗಳು ಹಲಗೆಯ ಮೇಲೆ ಬೆತ್ತಲಾಗಿರುವುದೂ ಉಂಟು, ಅದನ್ನು ಶಿಕ್ಷಕರು ಮೊದಲು ನಿಲ್ಲಿಸಬೇಕು. ಇದೇ ಸಾಮಗ್ರಿಯಿಂದ ಅಳತೆಯ ಪ್ರಯೋಗವನ್ನೇ ಮಾಡಿಸಬಹುದಲ್ಲ! ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಅಲ್ಲೇ ಇರುತ್ತದೆ. ಒಂದು, ಎರಡು, ನಾಲ್ಕು ಮೀಟರ್ ದೂರದಿಂದ, ಫ್ಯಾನಿನ ಪ್ರತಿಯೊಂದು ವೇಗದಲ್ಲೂ, ಒಂದೇ ಆಜ್ಞೆಯನ್ನು ಐವತ್ತು ಸಲ ಹೇಳಿ ಎಷ್ಟು ಸಲ ಕೇಳಿಸಿತೆಂದು ಬರೆದಿಡಲಿ. ಅಜ್ಜಿಯೂ ಐವತ್ತು ಸಲ ಹೇಳಲಿ, ತನ್ನ ಊರಿನ ಕನ್ನಡದಲ್ಲೇ. ಆ ಕೋಷ್ಟಕ ತಂದವರಿಗೆ ಮೊದಲ ಬಹುಮಾನ ಕೊಡಲು ನಾನು ಸಿದ್ಧ.