ಱ, ೞಗಳನ್ನು ಬಿಟ್ಟ ಹಳಗನ್ನಡ

ಹಳಗನ್ನಡ ಕಾವ್ಯಭಾಗಗಳ ಪಠ್ಯಪುಸ್ತಕವೊಂದನ್ನು ಈಚೆಗೆ ತರಗತಿಯಲ್ಲಿ ಪಾಠ ಹೇಳಬೇಕಾಗಿ ಬಂತು. ಕಾಗದ ಉತ್ತಮ, ಟಿಪ್ಪಣಿಗಳು ಅಚ್ಚುಕಟ್ಟು. ಆದರೆ ಸಂಪಾದಕರು ಶಕಟರೇಫವೆನಿಸಿದ ಱಕಾರವನ್ನೂ ರಳವೆನಿಸಿದ ೞಕಾರವನ್ನೂ ಉದ್ದಕ್ಕೂ ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ರ, ಳಗಳನ್ನು ಅಚ್ಚು ಮಾಡಿಸಿದ್ದಾರೆ. ವಿದ್ಯಾರ್ಥಿಗಳಿಗೆ ಸುಲಭವಾಗಲೆಂಬುದು ಅವರ ಆಶಯವಿರಬೇಕು. ಆಶಯ ಒಳ್ಳೆಯದೇ, ಫಲ ಮಾತ್ರ ವಿಪರೀತ.

‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು. ‘ಬಾಳ್’ ಕತ್ತಿ, ‘ಬಾೞ್’ ಬದುಕು. ಅಕ್ಷರವೇ ಹೇಳುತ್ತಿದ್ದ ಅರ್ಥವನ್ನು ಅಳಿಸಿ, ಅದನ್ನು ಮತ್ತೆ ಅಡಿಟಿಪ್ಪಣಿಯಲ್ಲಿ ಹೇಳುವುದು ಎಂಥ ಸೌಲಭ್ಯ? ಹಲ್ಮಿಡಿ ಶಾಸನದಲ್ಲಿ (ಸುಮಾರು ಕ್ರಿ.ಶ. 450) ‘ಬಾಳ್ಗೞ್ಚು’ ಎಂಬ ಮಾತಿದೆ. ಕತ್ತಿಯನ್ನು ತೊಳೆಯುವುದು ಎಂದು ಅದರ ಅಕ್ಷರಾರ್ಥ. ವೀರನಿಗೆ ಕೊಟ್ಟ ದತ್ತಿಯೆಂದು ತಾತ್ಪರ್ಯ. ಒಂದೇ ಮಾತಿನೊಳಗೆ ಳ, ೞ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ಕಲ್ಲು ಕೊರೆದವನಿಗೆ ಇದ್ದ ಎಚ್ಚರ ಅಚ್ಚು ಮಾಡಿಸುವವರಿಗೆ ಬೇಡವೆ?

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರಗಳಿರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಆಡುಮಾತಿನಲ್ಲಿ ಭೇದ ಮಾಸುತ್ತಿದ್ದುದರಿಂದಲೇ ಅವನಿಗೆ ಆ ಶ್ರಮ ಬೇಕಾಯಿತೆಂದು ನನ್ನ ಭಾವನೆ. ಏಕೆಂದರೆ ದ್ವಿತೀಯಾಕ್ಷರ ಪ್ರಾಸಕ್ಕೆ ಈ ಭೇದ ಮುಖ್ಯ. ಅದನ್ನು ಅಳಿಸಿದರೆ ಕವಿಯ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂಬುದು ನಮಗೆ ತಿಳಿಯದೆ ಹೋಗುತ್ತದೆ. ‘ಪೊೞ್ತು’ ಪೊರ್ತಾಗಿ ಹೊತ್ತಾದದ್ದು, ‘ಗೞ್ದೆ’ ಗರ್ದೆಯಾಗಿ ಗದ್ದೆಯಾದದ್ದು, ಇವೂ ಒಗಟಾಗಿಯೇ ಉಳಿಯುತ್ತವೆ. ತಮಿಳರೂ ಮಲಯಾಳಿಗಳೂ ‘ಮಳೆ’ಯ ಮಾತಿನಲ್ಲಿ ಈ ೞಕಾರವನ್ನು ಇಂದಿಗೂ ಬರೆಯುತ್ತಾರೆ, ನಮ್ಮ ಹುಡುಗರು ಅದು ಅವರದೇ ಸೊತ್ತೆಂದು ತಿಳಿದಿದ್ದಾರೆ.

ಭಾಷೆ ಬದಲಾಗುತ್ತದೆ, ನಿಜ. ದೇವರಾಜ ಮಾರುಕಟ್ಟೆಯಲ್ಲಿ ‘ಕೋೞಿ’ ಕೇಳಿರೆಂದು ಯಾರೂ ಒತ್ತಾಯಿಸುವುದಿಲ್ಲ. ಇಂಗ್ಲಿಷಿನವರೂ ತಮ್ಮ ಹಳೆಯ ‘ಥಾರ್ನ್’ ಅಕ್ಷರವನ್ನು ಬಿಟ್ಟರು. ಆದರೆ ‘ಬೇವುಲ್ಫ್’ ಕಾವ್ಯದ ಮೂಲವನ್ನು ಅಚ್ಚು ಹಾಕುವಾಗ ಅದನ್ನು ಉಳಿಸಿಕೊಳ್ಳುತ್ತಾರೆ. ಇಂದು ಬರೆಯುವ ರೀತಿ ಬೇರೆ, ಅಂದು ಬರೆದದ್ದನ್ನು ಒಪ್ಪಿಸುವ ರೀತಿ ಬೇರೆ.

ಸೀಸದ ಮೊಳೆಗಳ ಕಾಲದಲ್ಲಿ ಅಚ್ಚುಕೂಟದ ಕೊರತೆಯನ್ನು ನೆಪವಾಗಿ ಹೇಳಬಹುದಿತ್ತು. ಗಣಕಯಂತ್ರದ ಯೂನಿಕೋಡಿನಲ್ಲಿ ಎರಡು ಅಕ್ಷರಗಳಿಗೂ ಸ್ಥಾನವಿರುವಾಗ ಆ ನೆಪವೂ ಇಲ್ಲ. ವಿನೋದವೆಂದರೆ, ಅಲ್ಲಿ ೞಕಾರದ ಅಧಿಕೃತ ಇಂಗ್ಲಿಷ್ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಪಕ್ಕದಲ್ಲಿ ಸೇರಿಕೊಂಡಿದೆ. ಹೊರಗಿನವರು ಹೆಸರು ತಪ್ಪಿದರೂ ಅಕ್ಷರವನ್ನು ಉಳಿಸಿದರು. ಹೆಸರನ್ನು ಬಲ್ಲ ನಾವು ಅಕ್ಷರವನ್ನೇ ಕೈಬಿಡುತ್ತಿದ್ದೇವೆ.

ಮುಂದಿನ ಮುದ್ರಣದಲ್ಲಾದರೂ ಸಂಪಾದಕರು ಎರಡನ್ನೂ ಅವುಗಳ ಸ್ಥಾನಕ್ಕೆ ಮರಳಿಸಲಿ. ಅವನ್ನು ಗುರುತಿಸುವುದನ್ನು ಕಲಿಸಲು ಒಂದು ಗಂಟೆಯ ಪಾಠ ಸಾಕು.