ದಂಡ ಕಟ್ಟಬೇಕಾದವರು ಯಾರು?

ಒಂದು ದೊಡ್ಡ ರೋಗ ಬಂದುಹೋದ ಮೇಲೆ ನಮ್ಮಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ: ಒಂದು ವರದಿ, ಒಂದು ಕಾನೂನು. ಕೋವಿಡ್ ಆದಮೇಲೆ ನೀತಿ ಆಯೋಗದ ತಜ್ಞರ ತಂಡದ ವರದಿ 2024ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಮುಂದಿನ ಮಹಾಮಾರಿಯ ಮೊದಲ 100 ದಿನ ಹೇಗಿರಬೇಕು, ಅದಕ್ಕೆ ಇಡೀ ದೇಶಕ್ಕೊಂದು ತುರ್ತು ಆರೋಗ್ಯ ಕಾಯ್ದೆ ಯಾಕೆ ಬೇಕು ಅಂತ ಅದು ಹೇಳುತ್ತೆ. ಬೇಕು, ಒಪ್ಪೋಣ. ಪ್ಲೇಗಿಗೆ ಹೆದರಿ ಬ್ರಿಟಿಷರು 1897ರಲ್ಲಿ ಮಾಡಿದ ಪುಟ್ಟ ಕಾನೂನನ್ನೇ ಹಿಡ್ಕೊಂಡು ನಾವು 2020ಕ್ಕೆ ಕಾಲಿಟ್ಟಿದ್ದೆವು. ಅದರಲ್ಲಿ ಸರ್ಕಾರಕ್ಕೆ ಅಧಿಕಾರ ಇತ್ತು, ಮಾತು ಕೇಳದ ಜನಕ್ಕೆ ಶಿಕ್ಷೆ ಇತ್ತು. ಸರ್ಕಾರದ ಕರ್ತವ್ಯ ಅನ್ನೋದು ಮಾತ್ರ ಇರಲಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಆ ಹಳೇ ಚಾಳಿ ಹೊಸ ಕಾನೂನುಗಳನ್ನೂ ಬಿಟ್ಟಿಲ್ಲ. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. 2024ರಲ್ಲಿ ಡೆಂಗಿಯನ್ನು ಅದರಡಿ ತಂದಿತು. ಸೊಳ್ಳೆ ಬೆಳೆಯೋಕೆ ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ.

ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಮುಚ್ಚಳ ಇಲ್ಲದ ಡ್ರಮ್ಮಿನ ತಿಳಿನೀರು ಸಾಕು. ಮೊಟ್ಟೆ ಸೊಳ್ಳೆಯಾಗೋಕೆ ವಾರ, ಹತ್ತು ದಿನ. ಜನ ಡ್ರಮ್ಮು ತುಂಬಿಸೋದು ಯಾಕೆ? ನಲ್ಲಿ ದಿನಾ ಬರಲ್ಲ ಅಂತ. ಡ್ರಮ್ಮಿಗೆ ದಂಡ ಇದೆ, ಬಾರದ ನಲ್ಲಿಗೆ ಇಲ್ಲ.

ವೀಕೆಂಡಿಗೆ ತುಮಕೂರಿನ ರೈಲು ಹತ್ತೋರು ಊರಲ್ಲಿ ಒಮ್ಮೆ ವಿಚಾರಿಸಿ ನೋಡಿ. ರೋಗದ ಲೆಕ್ಕ ಆರೋಗ್ಯ ಇಲಾಖೆದು. ನೀರು, ಕಸ ತುಮಕೂರಲ್ಲಿ ಮಹಾನಗರ ಪಾಲಿಕೆದು, ಕುಣಿಗಲ್ಲಲ್ಲಿ ಪುರಸಭೆದು, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿದು, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿದು. ತಾಲ್ಲೂಕು ಆರೋಗ್ಯಾಧಿಕಾರಿ ಇವರಿಗೆಲ್ಲ ಪತ್ರ ಬರೆಯಬಹುದು, ಆದರೆ ಅವರು ಇವರ ಕೈಕೆಳಗಿನವರಲ್ಲ. 2024ರ ಜೂನ್‌ನಲ್ಲಿ ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜನ ವಾಂತಿ-ಭೇದಿಯಿಂದ ಸತ್ತಾಗ ಅನುಮಾನ ಹೋಗಿದ್ದೂ ಕುಡಿಯೋ ನೀರಿನ ಮೇಲೇ.

ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ ಇದೆ. ಅಲ್ಲಿನ 1939ರ ಕಾಯ್ದೆಯೊಳಗೆ ಸ್ಥಳೀಯ ಸಂಸ್ಥೆ ಕುಡಿಯೋ ನೀರು ಒದಗಿಸೋ ವಿಚಾರವೂ ಬರುತ್ತೆ. ಅಂದರೆ ಇದೇನು ಯಾರಿಗೂ ಹೊಳೆಯದ ಸಂಗತಿಯಲ್ಲ.

ದಿಲ್ಲಿಯಲ್ಲಿ ಬರೆಯೋ ಹೊಸ ಕಾಯ್ದೆ ತುರ್ತು ಅಧಿಕಾರಗಳನ್ನು ಎಷ್ಟು ಬೇಕಾದರೂ ಪಟ್ಟಿ ಮಾಡಲಿ. ಜೊತೆಗೆ ಎರಡು ಸಾಲು ಸೇರಿಸಲಿ: ತಾಲ್ಲೂಕು ಆರೋಗ್ಯಾಧಿಕಾರಿಯ ಎಚ್ಚರಿಕೆಗೆ ಸ್ಥಳೀಯ ಸಂಸ್ಥೆ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕು, ಕೊಡದಿದ್ದರೆ ಅದಕ್ಕೂ ದಂಡ. ಅಷ್ಟಾದ ಮೇಲೆ ಗುಬ್ಬಿಯ ಮನೆಯವರ ಹತ್ತಿರ 400 ರೂಪಾಯಿ ಕೇಳೋಕೆ ಸರ್ಕಾರಕ್ಕೂ ಒಂದು ಮುಖ ಇರುತ್ತೆ.