ಕರ್ಣಧಾರನೂ ಕವಚವೂ: ನೌಕಾಯಂತ್ರದ ಒಂದು ಪರಿಭಾಷೆಯ ವಿಮರ್ಶೆ

ಹಡಗುಗಳನ್ನು ಕುರಿತ ಕನ್ನಡ ಬರೆಹಗಳಲ್ಲಿ ‘ಸ್ವಯಂಚಾಲಿತ’ ಎಂಬ ಶಬ್ದವು ಈಚೆಗೆ ರೂಢಿಗೆ ಬಂದಿರುವುದು. ನೋಡುವುದಕ್ಕೆ ಅದು ನಿರಪಾಯವಾದ ಶಬ್ದವೇ. ಆದರೆ ತನ್ನನ್ನು ತಾನೇ ನಡೆಸಿಕೊಳ್ಳತಕ್ಕದ್ದು ಎಂಬ ಅರ್ಥವನ್ನು ಅದು ಹೊತ್ತಿರುವುದರಿಂದ, ನಡೆಸುವವನಾರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಉಳಿಯುವುದಿಲ್ಲ. ಹಡಗಿನ ರಕ್ಷಣೆಯಾದರೋ ಆ ಪ್ರಶ್ನೆಯ ಮೇಲೆಯೇ ನಿಂತಿದೆ. ಪರಿಭಾಷೆಯ ದೋಷವು ಪುಸ್ತಕದೊಳಗೇ ಮುಗಿಯದೆ ಜೀವಹಾನಿಯವರೆಗೂ ಹೋಗಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಕಡಲನ್ನೇ ಕಾಣದ ಸೇಡಂ ಸೀಮೆಗೂ ಈ ವಿಚಾರಕ್ಕೂ ಏನು ಸಂಬಂಧವೆಂದು ಕೇಳಬಹುದು. ಈ ಶಬ್ದಕ್ಕಿಂತ ಯುಕ್ತವಾದುದೊಂದು ಆ ಸೀಮೆಯ ರೈಲುದಾರಿಯಲ್ಲಿಯೇ ದೊರೆಯುವುದೆಂಬುದು ಮುಂದೆ ತಿಳಿದುಬರುವುದು.

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ಉಡುಪಿಯ ಬಳಿ ಮಲ್ಪೆಯಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದುಂಟು. ಕೊಚ್ಚಿನ್ ಶಿಪ್‌ಯಾರ್ಡಿನವರು ಅದನ್ನು 2020ರಲ್ಲಿ ವಹಿಸಿಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟರು. ತಲಾ 3,800 ಟನ್ ಹೊರುವ 6 ಸರಕುಹಡಗುಗಳನ್ನು ಕಟ್ಟಿಕೊಡುವ ಕೆಲಸವನ್ನು ನಾರ್ವೆ ದೇಶದ ವಿಲ್ಸನ್ ಸಂಸ್ಥೆಯು 2023ರಲ್ಲಿ ಇವರಿಗೆ ಒಪ್ಪಿಸಿತು. ಇವು ಡೀಸೆಲ್-ವಿದ್ಯುತ್ ನೌಕೆಗಳು. ಹಳೆಯ ಪದ್ಧತಿಯ ಸರಕುಹಡಗಿನಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಯಂತ್ರವು ಉಕ್ಕಿನ ದಂಡವೊಂದರ ಮೂಲಕ ಪ್ರೊಪೆಲ್ಲರನ್ನು ತಿರುಗಿಸುವುದು. ಅದು ನಿಂತರೆ ಹಡಗೂ ನಿಂತಂತೆ. ಓಟವಿಲ್ಲದ ಹಡಗಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ಹೊಸ ಪದ್ಧತಿಯಲ್ಲಿ ಡೀಸೆಲ್ ಯಂತ್ರಗಳ ಕೆಲಸ ವಿದ್ಯುತ್ತನ್ನು ಹುಟ್ಟಿಸುವುದು ಮಾತ್ರ. ಪ್ರೊಪೆಲ್ಲರನ್ನು ತಿರುಗಿಸುವುದು ಮೋಟಾರು. ಯಂತ್ರಗಳು ಹಲವಿದ್ದಲ್ಲಿ ಒಂದು ಕೆಟ್ಟರೂ ಉಳಿದವು ಹೊರೆಯನ್ನು ಹೊರುವುವು. ರಕ್ಷಣೆಯ ದೃಷ್ಟಿಯಿಂದ ಈ ಪದ್ಧತಿಯ ಹಿರಿಮೆ ಇಲ್ಲಿದೆಯೇ ಹೊರತು ವಿದ್ಯುತ್ತಿನ ಯಾವುದೋ ಮಹಿಮೆಯಲ್ಲಿ ಅಲ್ಲ.

ಆ ಹಿರಿಮೆಗೂ ಮಿತಿಯುಂಟು. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾ ಎಂಬ ಬಂಡೆಗಳ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಎಂಬ ಪ್ರವಾಸಿ ನೌಕೆಯು ಬಿರುಗಾಳಿಗೆ ಸಿಕ್ಕಿತು. ಅದರಲ್ಲಿದ್ದವರು 1,373 ಜನ. ಅದೂ ಡೀಸೆಲ್-ವಿದ್ಯುತ್ ನೌಕೆಯೇ. ಯಂತ್ರಗಳು 4, ಅವುಗಳಲ್ಲಿ ಒಂದು ಕೆಟ್ಟು ನಿಂತಿದ್ದಿತು. ಕೀಲೆಣ್ಣೆಯ ತೊಟ್ಟಿಗಳಲ್ಲಿ ಎಣ್ಣೆ ಇರಬೇಕಾದುದಕ್ಕಿಂತ ಕಡಿಮೆಯಿದ್ದುದರಿಂದ, ಹಡಗು ಹೊಯ್ದಾಡಿದಾಗ ಪಂಪುಗಳು ಎಣ್ಣೆಗೆ ಬದಲು ಗಾಳಿಯನ್ನು ಹೀರಿದವು. ಒತ್ತಡ ಕುಗ್ಗಿದ್ದನ್ನು ಕಂಡ ನಿಯಂತ್ರಕಗಳು ತಮಗೆ ವಿಧಿಸಿದ್ದಂತೆ ಯಂತ್ರಗಳನ್ನು ನಿಲ್ಲಿಸಿದವು. ಮೂರೂ ನಿಂತವು. ಯಂತ್ರವನ್ನು ಉಳಿಸುವುದಕ್ಕಾಗಿ ಹಡಗನ್ನೇ ಬಂಡೆಯ ಕಡೆಗೆ ಬಿಟ್ಟಂತಾಯಿತು. ನಿಯಂತ್ರಕವು ಇಲ್ಲಿ ತಪ್ಪಿ ನಡೆಯಲಿಲ್ಲ. ಹೇಳಿದುದನ್ನು ಹೇಳಿದಂತೆಯೇ ಮಾಡಿತು. ಎಂಥ ಹೊತ್ತಿನಲ್ಲಿ ಯಾವುದನ್ನು ಕಾಯಬೇಕೆಂಬ ವಿವೇಕ ಮಾತ್ರ ಅದಕ್ಕೆ ಇರಲಿಲ್ಲ. ನಾಲ್ಕು ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಸಾಗಿಸಬೇಕಾಯಿತು. ಯಂತ್ರಶಾಲೆಯ ಸಿಬ್ಬಂದಿಯವರು ಎಣ್ಣೆ ತುಂಬಿ, ಹೊರೆಯನ್ನು ಕೈಯಿಂದಲೇ ಹೊಂದಿಸುತ್ತ ಯಂತ್ರಗಳನ್ನು ಮತ್ತೆ ನಡೆಸಿದ್ದರಿಂದ ಹಡಗು ಉಳಿಯಿತು.

ಸಾಹಿತ್ಯದ ಉಪಾಧ್ಯಾಯರ ಗಮನಕ್ಕೆ ಇದಕ್ಕಿಂತಲೂ ತಕ್ಕ ನಿದರ್ಶನವೊಂದುಂಟು. 1995ರ ಜೂನಿನಲ್ಲಿ ರಾಯಲ್ ಮೆಜೆಸ್ಟಿ ಎಂಬ ನೌಕೆಯು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತು. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ, ಉಪಗ್ರಹದ ಸಂಕೇತವನ್ನು ಹಿಡಿಯುವ ಆಂಟೆನಾದ ತಂತಿ ಕಳಚಿತು. ಉಪಕರಣವು ಕೂಡಲೆ ವೇಗ ದಿಕ್ಕುಗಳಿಂದ ಲೆಕ್ಕಹಾಕಿದ ಅಂದಾಜಿನ ಸ್ಥಾನವನ್ನು ತೋರಿಸತೊಡಗಿತು. ಇದು ಅಂದಾಜು ಎಂಬುದಕ್ಕೆ ಗುರುತಾಗಿ ಡಿ, ಆರ್ ಎಂಬ ಎರಡು ಸಣ್ಣ ಅಕ್ಷರಗಳನ್ನೂ ತೋರಿಸಿತು. ಒಂದು ದಿನಕ್ಕೂ ಮಿಕ್ಕಿ, ಸರದಿಯ ಮೇಲೆ ಬಂದ ಅಧಿಕಾರಿಗಳಲ್ಲಿ ಯಾರೂ ಆ ಎರಡಕ್ಷರಗಳನ್ನು ಗಮನಿಸಲಿಲ್ಲ. ಹಡಗು ದಾರಿಯಿಂದ 17 ಮೈಲಿ ಸರಿದು, 10ನೆಯ ತಾರೀಖಿನ ರಾತ್ರಿ ನ್ಯಾಂಟಕೆಟ್ ದ್ವೀಪದ ಬಳಿಯ ಮರಳುದಿಣ್ಣೆಯನ್ನು ಏರಿತು. ಲೇಖನದೋಷವಲ್ಲ, ವಾಚನದೋಷ. 2024ರ ಮಾರ್ಚ್ 26ರಂದು ಡಾಲಿ ಎಂಬ ಹಡಗು ಬಾಲ್ಟಿಮೋರಿನ ಸೇತುವೆಗೆ ಬಡಿದು 6 ಜನ ಕೆಲಸಗಾರರು ಸತ್ತರಷ್ಟೆ. ತಂತಿಯೊಂದರ ಹೆಸರಿನ ಪಟ್ಟಿಯನ್ನು ಸರಿಯಾಗಿ ತೊಡಿಸದೆ ಹೋದುದರಿಂದ ಆ ತಂತಿ ತನ್ನ ಎಡೆಯಲ್ಲಿ ಪೂರ್ತಿ ಕೂರದೆ ಸಡಿಲಗೊಂಡು ವಿದ್ಯುತ್ತು ಕಡಿಯಿತೆಂದು ಅಮೆರಿಕದ ತನಿಖಾ ಮಂಡಲಿಯು 2025ರಲ್ಲಿ ನಿರ್ಣಯಿಸಿತು. ಹೆಸರಿನ ಚೀಟಿಯೂ ಹೀಗೆ ಕೊಲ್ಲಬಲ್ಲುದು.

ಹಿಂದಿನವರ ಶಬ್ದಗಳಲ್ಲಿ ನಡೆಸುವವನು ಎಂದೂ ಮರೆಯಾಗಿರಲಿಲ್ಲ. ಕರ್ಣಧಾರನೆಂದರೆ ಚುಕ್ಕಾಣಿ ಹಿಡಿದವನೆಂದೇ ಅರ್ಥ. ಹನ್ನೆರಡನೆಯ ಶತಮಾನದ ಶರಣ ಚೌಡಯ್ಯನಿಗೆ ಅಂಬಿಗವೃತ್ತಿಯೇ ಹೆಸರಿನ ಅಂಗವಾಯಿತು. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದರು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ ಪಶ್ಚಿಮ ಕರಾವಳಿಯ ಸಂಜಾನವನ್ನು ಅವರ ಪರವಾಗಿ ಆಳುತ್ತಿದ್ದವನು ಮಧುಮತಿ ಎಂಬ ಅರಬ್ಬೀ ಅಧಿಕಾರಿ. ಅವನು ಎರಡು ಹೊಳೆಗಳಲ್ಲಿ ಬಾಡಿಗೆಯಿಲ್ಲದ ದೋಣಿಗಳನ್ನೂ ಒಂದು ಅನ್ನಸತ್ರವನ್ನೂ ಏರ್ಪಡಿಸಿದನೆಂದು ಮುಮ್ಮಡಿ ಇಂದ್ರನ ಕಾಲದ, ಶಕ 848ರ (ಕ್ರಿ.ಶ. 926) ಚಿಂಚಣಿ ತಾಮ್ರಶಾಸನವು ಹೇಳುತ್ತದೆ. ದಾಟಿಸುವ ಹೊಣೆ ಯಾರದೆಂಬುದನ್ನು ಶಾಸನಕಾರನು ಹೆಸರು ಹಿಡಿದು ಬರೆದಿಟ್ಟನು.

ಈಗ ಅದೇ ಮಳಖೇಡದ ಹೆಸರಿನ ರೈಲು ನಿಲ್ದಾಣವು ವಾಡಿ, ಚಿತ್ತಾಪುರ, ಸೇಡಂಗಳ ಮೇಲೆ ತಾಂಡೂರಿಗೆ ಹೋಗುವ ದಾರಿಯಲ್ಲಿದೆ. ಲಿಂಗಂಪಲ್ಲಿಯಿಂದ ವಿಕಾರಾಬಾದಿನ ಮೇಲೆ ವಾಡಿಗೂ ಬೀದರಿಗೂ ಹೋಗುವ ಈ ದಾರಿಗಳಲ್ಲಿಯೇ ದಕ್ಷಿಣ ಮಧ್ಯ ರೈಲ್ವೆಯವರು ಅಪಘಾತ ತಡೆಯುವ ಉಪಕರಣವೊಂದನ್ನು ಪರೀಕ್ಷಿಸಿದರು. ಪ್ರಯಾಣಿಕರ ಗಾಡಿಗಳಲ್ಲಿ ಪರೀಕ್ಷೆ ಮೊದಲಾದುದು 2016ರಲ್ಲಿ. 2020ರಲ್ಲಿ ಅದು ರಾಷ್ಟ್ರೀಯ ಪದ್ಧತಿಯಾಗಿ ಅಂಗೀಕೃತವಾಯಿತು. ಚಾಲಕನು ಕೆಂಪು ಸಂಕೇತವನ್ನು ಮೀರುವಂತಿದ್ದರೆ ಅದು ಎಚ್ಚರಿಸುವುದು. ಅವನು ಕೇಳದಿದ್ದರೆ ತಾನೇ ಬ್ರೇಕು ಹಾಕುವುದು. ಅದಕ್ಕಿಟ್ಟ ಹೆಸರು ‘ಕವಚ’. ಈ ಹೆಸರನ್ನಿಟ್ಟವರು ಶಬ್ದಜ್ಞರೋ ಅಲ್ಲವೋ, ಹೆಸರು ಮಾತ್ರ ಬಹಳ ಸಾರ್ಥಕವಾದುದು. ಕವಚವು ತೊಟ್ಟವನನ್ನು ಕಾಯುವುದಲ್ಲದೆ ಅವನಿಗೆ ಬದಲಾಗಿ ಯುದ್ಧಮಾಡುವುದಿಲ್ಲ; ತೊಟ್ಟವನಿಲ್ಲದ ಕವಚಕ್ಕೆ ಅರ್ಥವೂ ಇಲ್ಲ. ಅದರ ಮಿತಿಯೂ ಶಬ್ದದಲ್ಲಿಯೇ ಅಡಗಿದೆ. ದಾರಿಗೆ ಅಳವಡಿಸಿ ಎಂಜಿನ್ನಿಗೆ ಅಳವಡಿಸದಿದ್ದರೆ ರಕ್ಷಣೆಯಿಲ್ಲ. ಕವಚವನ್ನು ಕೊಟ್ಟುಬಿಟ್ಟ ಕರ್ಣನ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ.

ಅಂತರರಾಷ್ಟ್ರೀಯ ಕಡಲ ಸಂಸ್ಥೆಯವರು ಇಂಥ ಹಡಗುಗಳಲ್ಲಿ ನಾಲ್ಕು ಮಟ್ಟಗಳನ್ನು ಗುರುತಿಸಿರುವರು: ಯಂತ್ರವು ನಾವಿಕನಿಗೆ ನೆರವಾಗುವುದು; ನಾವಿಕರು ಮೇಲಿದ್ದರೂ ದೂರದಿಂದ ನಡೆಸುವುದು; ನಾವಿಕರಿಲ್ಲದೆ ದೂರದಿಂದ ನಡೆಸುವುದು; ಯಂತ್ರವೇ ನಿರ್ಧರಿಸುವುದು. ಕನ್ನಡದಲ್ಲಿ ಈ ನಾಲ್ಕನ್ನೂ ಒಂದೇ ಶಬ್ದದಿಂದ ಕರೆಯುತ್ತಿರುವುದು ಶಾಸ್ತ್ರಕ್ಕೂ ಒಪ್ಪದು, ವ್ಯವಹಾರಕ್ಕೂ ಒಪ್ಪದು. ಮೊದಲನೆಯದಕ್ಕೆ ‘ಸಕವಚ ನೌಕೆ’ ಎಂಬುದು ಸಾಕು. ನಡುವಣ ಎರಡಕ್ಕೆ ‘ದೂರಚಾಲಿತ’ ಎನ್ನಬಹುದು. ದಡದ ಕೋಣೆಯಲ್ಲಿ ಕುಳಿತು ನಡೆಸುವವನು ನೀರಿನ ಮೇಲೆ ಇಲ್ಲದಿದ್ದರೂ ಅವನನ್ನು ಕರ್ಣಧಾರನೆಂದೇ ಕರೆಯಬೇಕು. ‘ಸ್ವಯಂಚಾಲಿತ’ ಎಂಬುದನ್ನು ನಾಲ್ಕನೆಯದಕ್ಕೆ ಮಾತ್ರ ಮೀಸಲಿಡುವುದು ಯುಕ್ತ. ಮಲ್ಪೆಯಲ್ಲಿ ಕಟ್ಟುವ ಡೀಸೆಲ್-ವಿದ್ಯುತ್ ಹಡಗುಗಳಿಗೆ ಆ ಶಬ್ದವು ಸಲ್ಲುವುದಿಲ್ಲ.